ಕೇರಳದ ಮನೆ, ಮಂಗಳೂರಿನ ರೇಡಿಯೋ

"ಕೇರಳದಲ್ಲಿದ್ದೂ ನಿಮ್ಮ ಕನ್ನಡ ಪುಸ್ತಕದ ಹಾಗಿದೆಯಲ್ಲ, ಹೇಗೆ?" ಅಂತ ಕೇಳುವವರಿದ್ದಾರೆ. ಕಾಸರಗೋಡಿನವರಿಗೆ ಇದು ಹೊಸ ಮಾತಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಒಬ್ಬರಾದರೂ ಹೀಗೆ ಹೇಳಿ ನಗುತ್ತಾರೆ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ನಾವು ಕೇರಳಕ್ಕೆ ಸೇರಿದ ಕತೆ ನಿಮಗೂ ಗೊತ್ತು, ಅದನ್ನು ಬಿಡಿ. ಆ ಪ್ರಶ್ನೆಗೆ ಉತ್ತರ ನಮ್ಮ ಚಾವಡಿಯ ರೇಡಿಯೋದಲ್ಲಿದೆ.

ನಮ್ಮ ಮನೆಮಾತು ತುಳು. ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಗುಡ್ಡದಾಚೆ ಕೊಂಕಣಿ, ಬ್ಯಾರಿ, ಮರಾಠಿ. ಪೇಟೆಗಿಳಿದರೆ ಮಲಯಾಳ. ಇಂಥ ಕಡೆ ಎಲ್ಲರೂ ಸೇರಿ "ನಾವು ಕನ್ನಡದವರು" ಅನ್ನುವುದು ಸುಮ್ನೆ ಆಗುವ ಕೆಲಸವಲ್ಲ. ಅರ್ಧ ಕೆಲಸ ಕನ್ನಡ ಶಾಲೆ ಮಾಡಿತು. ಉಳಿದರ್ಧ ಆಕಾಶವಾಣಿಯದು ಅಂತ ನನ್ನ ಲೆಕ್ಕ. ಮಂಗಳೂರು ನಿಲಯ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಮೀಡಿಯಂ ವೇವ್ ಅಲೆ ನೆಲ ಹಿಡಿದು ಹರಿಯುತ್ತದೆ. ಎರಡು ರಾಜ್ಯಗಳ ಗಡಿ ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಅದನ್ನು ಯಾರು ತಡೆಯಬೇಕು?

ಯಕ್ಷಗಾನ ತಾಳಮದ್ದಳೆ ಇದ್ದ ರಾತ್ರಿ ಮನೆಯಲ್ಲಿ ಬೇರೆ ಮಾತಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ವಾದ ಮಾತ್ರ. ರೇಡಿಯೋಗೆಂದೇ ಹುಟ್ಟಿದ ಕಲೆ ಅನ್ನಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರದ ಮಾತು, ಕೇಳುತ್ತಾ ನನ್ನಜ್ಜ ತುಳುವಿನಲ್ಲೇ "ಅಂದ್ ಅಂದ್" (ಹೌದು ಹೌದು) ಅನ್ನುತ್ತಿದ್ದರು. ಶೇಣಿಯವರು ನಮ್ಮ ಕಡೆಯವರೇ. ಮಾರನೇ ದಿನ ಅಂಗಳದ ಜಗಳದಲ್ಲೂ ಅಜ್ಜನ ಬಾಯಲ್ಲಿ ಅದೇ ಕನ್ನಡ. ಊಟಕ್ಕೆ ತುಳು, ವಾದಕ್ಕೆ ಕನ್ನಡ! ನಿಮಗೆ ಪುಸ್ತಕದ ಹಾಗೆ ಕೇಳಿಸುವುದು ಈ ವಾದದ ಕನ್ನಡ.

ಆದರೆ ನನಗೆ ಅದಕ್ಕಿಂತ ದೊಡ್ಡದು ಕೋರಿಕೆಯ ಚಿತ್ರಗೀತೆ. ಹಾಡು ಯಾವುದಾದರೂ ಇರಲಿ, ನಾವು ಕಿವಿ ಕೊಡುತ್ತಿದ್ದದ್ದು ಹಾಡು ಕೇಳಿ ಬರೆದವರ ಹೆಸರು, ಊರುಗಳ ಪಟ್ಟಿಗೆ. ಪುತ್ತೂರು, ಸುಳ್ಯ, ಬಂಟ್ವಾಳ, ಹಾಗೇ ನಿಲ್ಲಿಸದೆ ನಮ್ಮ ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ. ಓದುವವರು ನಡುವೆ ಉಸಿರು ಕೂಡ ಬದಲಿಸುತ್ತಿರಲಿಲ್ಲ. ನಕ್ಷೆಯಲ್ಲಿ ಗೆರೆ ಎಳೆದು ಬೇರೆ ಮಾಡಿದ ಊರುಗಳು ಒಂದೇ ಹಾಡಿಗಾಗಿ ಒಟ್ಟಿಗೆ ಕೂತಿದ್ದವು. ಒಂದು ಪೋಸ್ಟ್‌ಕಾರ್ಡಿನ ಖರ್ಚಿನಲ್ಲಿ ನಾವೂ ಆ ಪಟ್ಟಿಗೆ ಸೇರುತ್ತಿದ್ದೆವು. ನಮ್ಮ ಹೆಸರು ಬಂದ ದಿನ ಅಮ್ಮ ಸೌದೆ ಒಲೆಯ ಮೇಲಿನ ಹಾಲು ಉಕ್ಕಿಸಿದ್ದರು.

ಫಜೀತಿಗಳೂ ಇದ್ದವು. ಮಳೆಗಾಲದಲ್ಲಿ "ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಿಗೆ ರಜೆ" ಅಂತ ಕೇಳಿ ನಾನೂ ತಮ್ಮನೂ ಕುಣಿದು ಮತ್ತೆ ಮಲಗಿದೆವು. ಮಳೆ ಅದೇ, ರೇಡಿಯೋ ಅದೇ, ಜಿಲ್ಲೆ ಬೇರೆ. ಪ್ರದೇಶ ಸಮಾಚಾರದಲ್ಲಿ "ರಾಜ್ಯ" ಅಂದರೆ ಕರ್ನಾಟಕ. ನಮ್ಮ ರೇಷನ್ ಕಾರ್ಡಿನ ರಾಜ್ಯದ ಸುದ್ದಿ ಬೇಕಿದ್ದರೆ ರೇಡಿಯೋದ ಮುಳ್ಳನ್ನು ಕೋಝಿಕ್ಕೋಡು ನಿಲಯಕ್ಕೆ ತಿರುಗಿಸಬೇಕು. ತಿರುಗಿಸುತ್ತಲೂ ಇದ್ದೆವು, ಮಲಯಾಳ ನಾಟಕ ಬಿಟ್ಟವರಲ್ಲ ನಾವು. ಆದರೆ ಅಲ್ಲಿ ನಾವು ಕೇಳುವವರು ಅಷ್ಟೇ. ಮಂಗಳೂರಿನಲ್ಲಿ ನಮ್ಮ ಹೆಸರಿತ್ತು. ಈ ವ್ಯತ್ಯಾಸ ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ.

ಎಫ್‌ಎಂ ಬಂದ ಮೇಲೆ ಗುಡ್ಡದ ಮರೆಯ ಮನೆಗಳಿಗೆ ಕೊರಕೊರ ಜಾಸ್ತಿಯಾಯಿತು. ಆಮೇಲೆ ಡಿಶ್, ಆಮೇಲೆ ಮೊಬೈಲು. ಈಗ ಒಂದೇ ಚಾವಡಿಯಲ್ಲಿ ನಾಲ್ಕು ಜನ ನಾಲ್ಕು ಕಡೆಯ ಮಾತು ಕೇಳುತ್ತಾರೆ. ಮೊಬೈಲಿಗೆ ನಾವಿರುವ ಜಾಗ ಗೊತ್ತು, ಭಾಷೆ ಗೊತ್ತಿಲ್ಲ. ಹಾಗಾಗಿ ಜಾಹೀರಾತೆಲ್ಲ ಮಲಯಾಳದಲ್ಲಿ.

1985ರ ಸುಮಾರಿಗೆ ಶಾಲೆಗೆ ಬಂದ ಇನ್ಸ್‌ಪೆಕ್ಟರು ನಮ್ಮ ಮುಖ್ಯಮಂತ್ರಿ ಯಾರು ಅಂತ ಕೇಳಿದ್ದರು. ನಾನು ಎದ್ದು ನಿಂತು ರಾಮಕೃಷ್ಣ ಹೆಗಡೆ ಅಂದೆ. ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಉತ್ತರ ಕೇರಳದ ಮುಖ್ಯಮಂತ್ರಿ ಕರುಣಾಕರನ್ ಅಂತ ಗೊತ್ತಾಗುವ ಹೊತ್ತಿಗೆ ಮೇಷ್ಟ್ರ ಮುಖ ಕೆಂಪಾಗಿತ್ತು. ನನ್ನ ಮಗ ಅಂಥ ತಪ್ಪು ಮಾಡುವುದಿಲ್ಲ. ಸುಳ್ಯ ಯಾವ ದಿಕ್ಕಿಗೆ ಅಂತ ಕೇಳಿದರೆ ಮಾತ್ರ ಮೊಬೈಲ್ ತೆಗೆಯುತ್ತಾನೆ.