ಆಪ್ತಸಲಹೆ ಪ್ರಕರಣ: ಚೊಗರು ಹತ್ತಿದ ಕೈ

“ಫೋನ್ ನೋಡೋದು ಕಮ್ಮಿ ಮಾಡಿದೆ ಮೇಡಂ, ಆದ್ರೂ ಮನೆಯಲ್ಲಿ ಎಂತದೂ ಬದಲಾಗಲಿಲ್ಲ.” ಶಿರಸಿಯ ನನ್ನ ಪುಟ್ಟ ಕೋಣೆಯಲ್ಲಿ ಈ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಅವುಗಳಲ್ಲಿ ಒಂದನ್ನು ಬರೆಯುತ್ತಿರುವುದು, ಅಲ್ಲಿ ಮೊದಲು ಎಡವಿದ್ದು ನಾನೇ ಎಂಬ ಕಾರಣಕ್ಕೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ.

ಗಂಡನಿಗೆ ಮೂವತ್ತೆಂಟು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ. 2020ರ ಲಾಕ್‌ಡೌನ್ ಹೊತ್ತಿಗೆ ಊರಿಗೆ ಬಂದವರು ಮನೆಯಿಂದಲೇ ಕೆಲಸ ಮಾಡುತ್ತ ಉಳಿದುಬಿಟ್ಟರು. ಅಡಕೆ ತೋಟ, ಅಪ್ಪ, ಅಮ್ಮ, ಹೆಂಡತಿ, ಶಾಲೆಗೆ ಹೋಗುವ ಮಗಳು. ಕರೆದುಕೊಂಡು ಬಂದದ್ದು ಹೆಂಡತಿ. ಆಕೆ ಹೇಳಿದ್ದು ಇಷ್ಟೇ: “ಊರಿಗೆ ಬಂದು ನಾಲ್ಕು ವರ್ಷ ಆತು. ಇವರು ಇನ್ನೂ ಬಂದು ಮುಟ್ಟಿಲ್ಲ.”

ಮೊದಲ ದಿನ ನಾನು ಎಲ್ಲರಿಗೂ ಕೊಡುವ ಸಲಹೆಯನ್ನೇ ಕೊಟ್ಟೆ. ನೋಟಿಫಿಕೇಶನ್ ಬಂದ್ ಮಾಡಿ, ಮಲಗುವ ಕೋಣೆಯಿಂದ ಚಾರ್ಜರ್ ಹೊರಗಿಡಿ, ಆ್ಯಪ್‌ಗಳಿಗೆ ಸಮಯದ ಮಿತಿ ಹಾಕಿ, ಪರದೆಯನ್ನು ಕಪ್ಪುಬಿಳುಪು ಮಾಡಿ. ಆ್ಯಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ 2018ರಿಂದ ಇಂಥ ಸೌಲಭ್ಯ ಫೋನಿನೊಳಗೇ ಇದೆ. ಇವು ಸುಳ್ಳು ಉಪಾಯಗಳಲ್ಲ. ಕಾಳು ಯಾವಾಗ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಗುಂಡಿ ಕುಟ್ಟುತ್ತಲೇ ಇರುತ್ತದೆಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ತೋರಿಸಿಕೊಟ್ಟು ದಶಕಗಳೇ ಕಳೆದವು. ರೀಲ್ಸ್ ಮೇಲೆ ಹೆಬ್ಬೆರಳು ಸರಿಯುವುದೂ ಅದೇ ಆಸೆಗೆ. ಬಣ್ಣ ತೆಗೆದರೆ, ನೋಟಿಫಿಕೇಶನ್ ಸದ್ದು ನಿಲ್ಲಿಸಿದರೆ ಆ ಸೆಳೆತ ಒಂದಿಷ್ಟು ಸಡಿಲವಾಗುತ್ತದೆ.

ಮೂರು ವಾರದ ಮೇಲೆ ಬಂದಾಗ ಫೋನನ್ನು ಮೇಜಿನ ಮೇಲಿಟ್ಟು ಪಟ್ಟಿ ತೋರಿಸಿದರು. ದಿನಕ್ಕೆ ಐದು ತಾಸು ನಲವತ್ತು ನಿಮಿಷ ಇದ್ದದ್ದು ಎರಡು ತಾಸು ಹತ್ತು ನಿಮಿಷಕ್ಕೆ ಇಳಿದಿತ್ತು. ನಾನು ಖುಷಿಯಿಂದ “ಶಭಾಷ್” ಅಂದೆ. ಹೆಂಡತಿ ಮಾತಾಡಲಿಲ್ಲ, ಕಿಟಕಿಯ ಕಡೆ ನೋಡುತ್ತ ಕೂತಿದ್ದರು. “ನಿಮಗೆ ಹೇಗನ್ನಿಸ್ತು?” ಅಂತ ಕೇಳಿದೆ.

“ಫೋನು ಕಮ್ಮಿ ಆತು, ಖರೆ. ಆ ಮೂರೂವರೆ ತಾಸು ನಮ್ಮ ಹತ್ರ ಬರಲಿಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಪಟ್ಟಿ ನೋಡಿ ಹೊಗಳಿದ್ದೆನೇ ಹೊರತು ಆ ಸಮಯ ಎಲ್ಲಿಗೆ ಹೋಯಿತೆಂದು ಕೇಳುವುದು ತೋಚಿರಲೇ ಇಲ್ಲ. ಗಂಡನನ್ನೇ ಕೇಳಿದೆ. ಮುಖ ಸಪ್ಪಗಾಯಿತು. “ಜಗಲಿ ಮೇಲೆ ಕೂತ್ಕೊಳ್ತೇನೆ. ಇವಳೂ ಬಂದು ಕೂರ್ತಾಳೆ. ಎಂತ ಮಾತಾಡೋದು ಅಂತ ಗೊತ್ತಾಗೋದಿಲ್ಲ. ನೆಂಟರ ಮನೆಗೆ ಹೋದಂಗೆ ಆಗ್ತದೆ. ಅದಕ್ಕೇ ಎದ್ದು ತೋಟಕ್ಕೆ ಹೋಗ್ತೇನೆ.”

“ಫೋನಿನ ನೆನಪೇ ಆಗದೆ ಯಾರ ಜೊತೆಗಾದರೂ ಬಹಳ ಹೊತ್ತು ಕೂತದ್ದು ಈಚೆಗೆ ಯಾವಾಗ?” ಅಂತ ಕೇಳಿದ್ದಕ್ಕೆ ತುಸು ಯೋಚಿಸಿ ಒಂದು ರಾತ್ರಿಯ ಸಂಗತಿ ಹೇಳಿದರು.

ದೀಪಾವಳಿ ಕಳೆದು ಕೊಯ್ಲು ಜೋರಾಗಿದ್ದ ಹೊತ್ತು. ಸಂಜೆ ಕರೆಂಟ್ ಹೋಗಿ ಸುಲಿಯುವ ಮಷಿನ್ ನಿಂತಿತು. ಅಂಗಳದಲ್ಲಿ ಹಸಿ ಅಡಕೆಯ ರಾಶಿ. ಹಾಗೇ ಬಿಟ್ಟರೆ ಕೆಡುತ್ತದೆಂದು ಅಪ್ಪ ಅಟ್ಟದಿಂದ ಹಳೆಯ ಮೆಟ್ಟುಗತ್ತಿ ಇಳಿಸಿದರು. ಇವರೂ ಇನ್ನೊಂದನ್ನು ಹಿಡಿದು ಎದುರು ಕೂತರು. ಕಾಲೇಜಿಗೆ ಹೋದಮೇಲೆ ಮೆಟ್ಟುಗತ್ತಿ ಮುಟ್ಟಿರಲಿಲ್ಲವಂತೆ. ಅರ್ಧ ತಾಸಿಗೆ ಬೆರಳೆಲ್ಲ ಚೊಗರು, ಅಂದರೆ ಅಡಕೆಯ ಒಗರು ರಸ, ಹತ್ತಿ ಕಪ್ಪಾದವು. ಕಿಟಕಿಯಲ್ಲಿಟ್ಟ ಫೋನು ಗುಂಯ್‌ಗುಟ್ಟಿತು. ಎದ್ದು ಪಂಚೆಗೆ ಕೈ ಒರೆಸಿ ಹೆಬ್ಬೆರಳು ಒತ್ತಿದರು, ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದರು. ಚೊಗರು ಮೆತ್ತಿದ ಬೆರಳನ್ನು ಫೋನು ಗುರುತೇ ಹಿಡಿಯಲಿಲ್ಲ. “ಪಿನ್ ಒತ್ತಬಹುದಿತ್ತು ಮೇಡಂ. ಹೋಗ್ಲಿ ಅಂತ ಬಂದು ಕೂತೆ.”

ಹತ್ತು ಗಂಟೆಯ ಸುಮಾರಿಗೆ ಅಪ್ಪ, ಕೈಯಲ್ಲಿನ ಅಡಕೆಯಿಂದ ಕಣ್ಣೆತ್ತದೆ, ಒಂದು ಮಾತು ಹೇಳಿದರಂತೆ. “ನೀನು ಬಂದ ಹೊಸತರಲ್ಲಿ ನಿನ್ನ ನೌಕರಿ ಹೋಗಿದೆ ಅಂದ್ಕೊಂಡಿದ್ದೆ. ಫೋನಲ್ಲಿ ಬೇರೆ ನೌಕರಿ ಹುಡುಕ್ತಿದ್ದೀಯೇನೋ, ಕೇಳಿದ್ರೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ.”

ಇಷ್ಟು ಹೇಳಿ ಆತ ನಿಲ್ಲಿಸಿದರು. ಹೆಂಡತಿ ತಿರುಗಿ ನೋಡಿದರು. ಈ ಸಂಗತಿ ಆಕೆಗೂ ಗೊತ್ತಿರಲಿಲ್ಲ.

ಆ ದಿನ ನಾನು ಕೊಟ್ಟ ಸಲಹೆ ಈ ರಾತ್ರಿಯಿಂದಲೇ ಹುಟ್ಟಿದ್ದು. ‘ಜೊತೆಗಿರಿ’ ಅಂತ ಯಾರಿಗೂ ಹೇಳಲು ಬರುವುದಿಲ್ಲ, ಅದು ಎದ್ದು ಮಾಡುವ ಕೆಲಸವಲ್ಲ. ಎದುರುಬದುರು ಕೂತು ಈಗ ಮಾತಾಡೋಣ ಅಂದರೆ ನಾಲಿಗೆ ಕಟ್ಟುತ್ತದೆ, ಅದರಲ್ಲೂ ನಮ್ಮ ಕಡೆಯ ಗಂಡಸರಿಗೆ. ಕೈಗೊಂದು ಕೆಲಸ ಸಿಕ್ಕಿ ಕಣ್ಣು ಕೆಳಗಿದ್ದರೆ ಮಾತು ಪಕ್ಕದ ದಾರಿಯಿಂದ ಬರುತ್ತದೆ. ಹಿಂದೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ರಾತ್ರಿ ಅಡಕೆ ಸುಲಿಯುವಾಗ ಊರಿನ ಅರ್ಧ ವ್ಯಾಜ್ಯ, ಅರ್ಧ ಮದುವೆ ಅಲ್ಲೇ ಮಾತಾಡಿ ಮುಗಿಯುತ್ತಿದ್ದವು. ಕವಳದ ತಬಕಿಗೂ ಅದೇ ಗುಣ. ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಕತ್ತರಿ ಆಡಿಸುವಷ್ಟರಲ್ಲಿ ಬಂದವರ ಸುಖದುಃಖ ಹೊರಬರುತ್ತಿತ್ತು.

ಹಾಗಾಗಿ ಹೇಳಿದೆ: ಇನ್ನು ತಾಸು ಎಣಿಸಬೇಡಿ. ದಿನಕ್ಕೆ ಒಂದು ಕೆಲಸ, ಇಬ್ಬರು ಸೇರಿ, ಕೈ ಒದ್ದೆಯೋ ಮುಸುರೆಯೋ ಆಗುವಂಥದ್ದು ಹಿಡಿಯಿರಿ. ಮಷಿನ್ ನಿಲ್ಲಿಸಿ ಅನ್ನಲಿಲ್ಲ, ಆಳು ಸಿಗದ ಈ ಕಾಲದಲ್ಲಿ ಅದು ಅನ್ಯಾಯ. ಒಂದು ಬುಟ್ಟಿ ಅಡಕೆ ಮಾತ್ರ ಬೇರೆ ಎತ್ತಿಟ್ಟು ರಾತ್ರಿ ಅಪ್ಪನ ಜೊತೆ ಸುಲಿಯಿರಿ. ಹೆಂಡತಿಯ ಜೊತೆ ಬಾಳೆಕಾಯಿ ಹೆಚ್ಚಿ, ಮಗಳ ಜೊತೆ ದನಕ್ಕೆ ನೀರು ಕೊಡಿ. ಮಾತು ಬಂದರೆ ಬಂತು, ಬಾರದಿದ್ದರೆ ಕೆಲಸವಾದರೂ ಮುಗಿಯಿತು.

ಎರಡನೆಯ ಸಲಹೆ ಕೇಳಿ ಆತ ನಕ್ಕರು. ಮನೆಯವರ ನಡುವೆ ಫೋನ್ ಎತ್ತಿದಾಗೆಲ್ಲ ಯಾತಕ್ಕೆಂದು ಬಾಯಿಬಿಟ್ಟು ಹೇಳಬೇಕು. “ಅಡಕೆ ದರ ನೋಡ್ತಿದ್ದೇನೆ”, “ಆಫೀಸಿನ ಮೆಸೇಜು”, ರೀಲ್ಸ್ ಆದರೆ “ಸುಮ್ನೆ ರೀಲ್ಸು”. ಮಕ್ಕಳಾಟಿಕೆ ಅಂತ ಅನೇಕರು ಅನ್ನುತ್ತಾರೆ. ನಾನು ಇದನ್ನು ಬಿಡುವುದಿಲ್ಲ. ಹಿಂದೆ ಅಪ್ಪ ಪೇಪರ್ ಓದುತ್ತಿದ್ದರೆ ಅದರ ಹಿಂದಿನ ಪುಟ ನಮ್ಮ ಕಡೆಗಿರುತ್ತಿತ್ತು, ಏನು ಓದುತ್ತಿದ್ದಾರೆಂದು ಮನೆಗೆಲ್ಲ ಗೊತ್ತಿರುತ್ತಿತ್ತು. ಫೋನು ನಮಗೆ ತೋರಿಸುವುದು ಬರೀ ಬೆನ್ನು. ಸಾಲವೋ, ಜಗಳವೋ, ಆಟವೋ ಎದುರಿನವರಿಗೆ ತಿಳಿಯುವುದಿಲ್ಲ. ತಿಳಿಯದ ಕಡೆ ಮನಸ್ಸು ಕೆಟ್ಟದ್ದನ್ನೇ ತುಂಬಿಕೊಳ್ಳುತ್ತದೆ. ಆ ಅಪ್ಪ ಮಗನ ನೌಕರಿಯೇ ಹೋಯಿತೆಂದು ಒಳಗೊಳಗೇ ಕೊರಗಿದ್ದು ಇದರಿಂದಲೇ ಅಲ್ಲವೇ?

ಈ ಸಲಹೆ ತೀರಾ ಮೆತ್ತಗಾಯಿತು, ಆ್ಯಪ್‌ಗಳನ್ನೆಲ್ಲ ತೆಗೆಸಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಫೋನ್ ಬಿಸಾಡಿ ಎಂದು ಈ ಜಿಲ್ಲೆಯಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿ ನಮ್ಮ ಮಕ್ಕಳು ಗುಡ್ಡ ಹತ್ತಿ ಕೂತದ್ದು ಮರೆತಿಲ್ಲ. ಘಟ್ಟದ ಮೇಲಿನ ಒಂಟಿ ಮನೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿದ ಮುದುಕರಿಗೆ ಫೋನೇ ದಿಕ್ಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ದಿನ, ಹೆದ್ದಾರಿಯಲ್ಲಿದ್ದ ನಮ್ಮವರು ಮುಟ್ಟಿದರೋ ಇಲ್ಲವೋ ಎಂದು ನಾವೆಲ್ಲ ಹಿಡಿದದ್ದು ಫೋನನ್ನೇ. ನಿದ್ದೆ, ನೌಕರಿ, ಓದು ಹಾಳಾಗುವಷ್ಟು ಫೋನ್ ಅಂಟಿಕೊಂಡವರ ಮಾತು ಬೇರೆ. ಅವರನ್ನು ನಾನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ಕಿಗೆ ಕಳಿಸುತ್ತೇನೆ, ತುರ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡುತ್ತೇನೆ. ಈ ಮನುಷ್ಯನಿಗೆ ಅದು ಬೇಕಿರಲಿಲ್ಲ.

ಮೇ ತಿಂಗಳಲ್ಲಿ ಹೆಂಡತಿ ಫೋನ್ ಮಾಡಿದ್ದರು. ಮನೆಮಂದಿಯೆಲ್ಲ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸಿನಕಾಯಿ ಬಿಡಿಸುತ್ತಿದ್ದಾರಂತೆ, ಹಪ್ಪಳಕ್ಕೆ. ಮಾವನವರು ಈಗ ದರ ಕೇಳುತ್ತಾರಂತೆ, ಇವರು ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಆದರೆ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಫೋನಿನ ಬೆಳಕು ಈಗಲೂ ಕಾಣುತ್ತದೆ, ಅಂದರು. ಆ ಹೊತ್ತಿನಲ್ಲಿ ಯಾತಕ್ಕೆ ಅಂತ ಹೇಳಲು ಅಲ್ಲಿ ಯಾರೂ ಎದ್ದಿರುವುದಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ ಇಬ್ಬರೂ ಬನ್ನಿ ಅಂದಿದ್ದೇನೆ.