ನಾನೇಕೆ ಗಟ್ಟಿಯಾಗಲಿಲ್ಲ?

ಪತ್ರ: ಕಳೆದ ಸಂಚಿಕೆಯಲ್ಲಿ ‘ನೋವುಂಡು ಗೆದ್ದವರು’ ಪುಟಗಳನ್ನು ಓದಿದೆ. ನಮ್ಮ ಯಜಮಾನರು ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಅವರ ಗೊಬ್ಬರದ ಅಂಗಡಿಯನ್ನು ಈಗ ನಾನೇ ನಡೆಸುತ್ತಿದ್ದೇನೆ. ‘ಭಾವ ಹೋದ ಮೇಲೆಯೇ ನೀವು ಇಷ್ಟು ಗಟ್ಟಿಯಾದದ್ದು’ ಎಂದು ನಾದಿನಿಯ ಗಂಡ ಮೆಚ್ಚಿಕೊಳ್ಳುತ್ತಾರೆ. ನನಗೆ ಬಂದಿರುವುದು ಸಿಡುಕು, ನಿದ್ದೆಗೇಡು. ನಿಮ್ಮ ಪುಟಗಳಲ್ಲಿದ್ದವರಂತೆ ನಾನೇಕೆ ಆಗಲಿಲ್ಲ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಆ ಪುಟಗಳಲ್ಲಿದ್ದವರ ಬದುಕು ಸುಳ್ಳಲ್ಲ. ಆದರೆ ಅವರನ್ನು ಆರಿಸಿದವರು ನಾವು. ಅರುಣಿಮಾ ಸಿನ್ಹಾ 2011ರಲ್ಲಿ ರೈಲು ಹಳಿಯ ಮೇಲೆ ಬಿದ್ದು ಕಾಲು ಕಳೆದುಕೊಂಡರು. 2013ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದರು. ಹಾಗೆಯೇ ಕಾಲು ಕಳೆದುಕೊಂಡು, ಹಳೆಯ ಕೆಲಸಕ್ಕೇ ಮರಳಿ, ಸಂಜೆ ಮನೆಯವರ ಮೇಲೆ ರೇಗಿ ಮಲಗುವವರನ್ನು ಯಾವ ಪತ್ರಿಕೆಯೂ ಮುಖಪುಟಕ್ಕೆ ಹಾಕುವುದಿಲ್ಲ. ಹಾಕಿದರೆ ಕೊಳ್ಳುವವರೂ ಇಲ್ಲ, ಅದು ಬೇರೆ ಮಾತು.

ದುಃಖದ ಬಳಿಕ ಮನುಷ್ಯ ಮಾಗುತ್ತಾನೆ ಎಂಬ ಮಾತಿಗೆ ಮನಶ್ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ ಅಂಥ ಬದಲಾವಣೆಯನ್ನು ಅಳೆಯಲು 1996ರಲ್ಲಿ 21 ಅಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಹೊಸ ದಾರಿಗಳು ಕಾಣುವುದು, ನಂಟು ಹತ್ತಿರವಾಗುವುದು, ತನ್ನ ಕಸುವಿನ ಅರಿವು ಇವೆಲ್ಲ ಅದರಲ್ಲಿವೆ. ಆದರೆ ಅವರೇ ಒತ್ತಿ ಹೇಳಿದ ಮಾತು ಭಾಷಣಗಳಲ್ಲಿ ಉದುರಿಹೋಗಿದೆ: ಬದಲಾವಣೆ ತರುವುದು ಪೆಟ್ಟಲ್ಲ, ಪೆಟ್ಟು ಬಿದ್ದ ಮೇಲಿನ ಗುದ್ದಾಟ, ಅದು ಬಂದರೂ ದುಃಖ ಜೊತೆಯಲ್ಲೇ ಇರಬಹುದು, ಬರದಿದ್ದರೆ ಅದು ಯಾರ ಸೋಲೂ ಅಲ್ಲ. 2009ರಲ್ಲಿ ಪೆಟ್ರೀಷಿಯಾ ಫ್ರೇಜಿಯರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲೂ ಆಮೇಲೂ ಅಳೆದು ನೋಡಿದರು. ‘ನಾನು ಬೆಳೆದೆ’ ಎಂದು ಅವರು ಹೇಳಿಕೊಂಡದ್ದಕ್ಕೂ ಅಳತೆಯಲ್ಲಿ ಕಂಡ ಬದಲಾವಣೆಗೂ ಹೆಚ್ಚಿನ ತಾಳೆ ಇರಲಿಲ್ಲ. ಹಾಗೆ ಹೇಳಿಕೊಳ್ಳುವುದು ಎಷ್ಟೋ ಸಲ ತಾಳಿಕೊಳ್ಳುವ ಒಂದು ಬಗೆ. ತಪ್ಪೇನಿಲ್ಲ, ಆದರೆ ಅದನ್ನು ಇನ್ನೊಬ್ಬರ ಮೇಲೆ ಹೇರಬಾರದು.

ನಿಮ್ಮ ನಾದಿನಿಯ ಗಂಡನ ಮೆಚ್ಚುಗೆಯಲ್ಲಿ ನನಗೆ ಕಸಿವಿಸಿ ತರುವುದು ಅದರ ಲೆಕ್ಕಾಚಾರ. ಒಂದು ಸಾವು ಖರ್ಚಿಗೆ, ಒಂದು ಧೈರ್ಯ ಜಮೆಗೆ. ಹೆರಾಲ್ಡ್ ಕುಶ್ನರ್ ಎಂಬ ಯಹೂದಿ ಧರ್ಮಗುರುವಿನ ಮಗ ಬಾಲ್ಯದಲ್ಲೇ ಮುಪ್ಪು ತರುವ ಅಪರೂಪದ ಕಾಯಿಲೆಯಿಂದ 1977ರಲ್ಲಿ, 14ನೆಯ ವಯಸ್ಸಿಗೆ ತೀರಿಕೊಂಡ. ಮಗನ ಬದುಕು, ಸಾವುಗಳಿಂದ ತಾನು ಹೆಚ್ಚು ಮೃದುವಾದೆ, ಒಳ್ಳೆಯ ಗುರುವಾದೆ ಎಂದು ಆತ ಒಪ್ಪಿಕೊಂಡಿದ್ದಾರೆ. ಮಗ ಮರಳಿ ಸಿಗುವುದಾದರೆ ಅಷ್ಟನ್ನೂ ಆ ಕ್ಷಣವೇ ಬಿಟ್ಟುಕೊಡುತ್ತೇನೆ ಎಂದೂ ಬರೆದಿದ್ದಾರೆ. ಮುಂದಿನ ಸಲ ಯಾರಾದರೂ ಹೊಗಳಿದರೆ ಈ ಮಾತನ್ನು ಹೇಳಿ. ಹೇಳುವ ಮನಸ್ಸಿಲ್ಲದಿದ್ದರೆ ಯೂರಿಯಾ ಮೂಟೆಯ ದರ ಹೇಳಿ, ಮಾತು ಬದಲಾಗುತ್ತದೆ.

‘ಅಂಗಡಿ ನಡೆಸುತ್ತಿದ್ದೀರಲ್ಲ, ಅದೇ ಗೆಲುವು’ ಎಂದು ನಾನು ಬರೆಯುವೆನೆಂದು ನೀವು ಕಾದಿರಬಹುದು. ಬರೆಯುವುದಿಲ್ಲ. ಅಂಗಡಿ ತೆರೆಯುವುದು ಹೊಟ್ಟೆಪಾಡು. ಅದಕ್ಕೆ ಹೆಸರಿಡುವ ಹಕ್ಕು ನಿಮ್ಮದು.

ನಿದ್ದೆಯ ವಿಷಯ ಮಾತ್ರ ಹಾಗಲ್ಲ. ವರ್ಷ ಕಳೆದರೂ ದುಃಖ ದಿನವೂ ಹಿಡಿದು ಬದುಕನ್ನು ಕೆಡಿಸುತ್ತಿದ್ದರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ಸೇರಿಸಿಕೊಂಡಿದೆ. ನಿಮಗಿರುವುದು ಅದೇ ಎನ್ನಲು ನಾನು ವೈದ್ಯನಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರಿದ್ದಾರೆ.

ಚಂದಾ ನಿಲ್ಲಿಸಿ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ವ್ಯವಸ್ಥಾಪಕರಿಗೆ ತಿಳಿಸಿದ್ದೇನೆ, ಉಳಿದ ಹಣ ನಿಮಗೆ ಬರುತ್ತದೆ. ಈ ಸಂಚಿಕೆಯನ್ನು ಮಾತ್ರ ಕಳುಹಿಸಿದ್ದೇನೆ, ಉತ್ತರ ಇದರಲ್ಲೇ ಇದೆಯಲ್ಲ.
– ಸಂ.