ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಹೇಗೆ ಇಡಬೇಕು?

ನೀವು ಬರೆದಿರುವುದು ಇಷ್ಟು: ತಂದೆಯಿಂದ ಬಂದ ಜೋಡುನಳಿಗೆಯ ಹಳೆಯ ಕೋವಿ ಒಂದು, ನಿಮ್ಮದೇ ಪಿಸ್ತೂಲು ಒಂದು, ಎರಡಕ್ಕೂ ಪರವಾನಗಿ ಇದೆ. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಈಗಷ್ಟೇ ಹೆಜ್ಜೆ ಇಡುತ್ತಿರುವ ಮಗ. ಕೋವಿ ಬೀರುವಿನ ಮೇಲಿದೆ, ಪಿಸ್ತೂಲು ಬಟ್ಟೆಗಳ ಅಡಿಯಲ್ಲಿದೆ. ಮುಟ್ಟಬಾರದು ಎಂದು ಮಗಳಿಗೆ ಕಲಿಸಿದ್ದೀರಿ, ಅವಳು ಹೇಳಿದ ಮಾತು ಕೇಳುವ ಮಗು. ನಿಮ್ಮ ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. ಇಷ್ಟು ಮಾಡಿದರೆ ಸಾಲದೆ ಎಂದು ಕೇಳಿದ್ದೀರಿ.

ಸಾಲದು. ನಿಮ್ಮ ಹೆಂಡತಿಯ ಅಳುಕು ಸರಿಯಾಗಿದೆ. ನಾನು ಗುರಿ ಶೂಟಿಂಗ್ ಕಲಿಸುವವನು, ಬಂದೂಕು ಇರುವ ಮನೆಯಲ್ಲೇ ಮಕ್ಕಳನ್ನು ಬೆಳೆಸುತ್ತಿದ್ದೇನೆ. ಆದ್ದರಿಂದ ಬಂದೂಕೇ ಬೇಡ ಎಂಬ ಉಪದೇಶ ಮಾಡಲು ಇದನ್ನು ಬರೆಯುತ್ತಿಲ್ಲ. ಆದರೆ ನಿಮ್ಮ ಈಗಿನ ವ್ಯವಸ್ಥೆಯಲ್ಲಿ ಮನೆಯ ಸುರಕ್ಷತೆಯ ಭಾರವೆಲ್ಲ ನಾಲ್ಕು ವರ್ಷದ ಮಗುವಿನ ನೆನಪು ಮತ್ತು ವಿಧೇಯತೆಯ ಮೇಲೆ ಬಿದ್ದಿದೆ. ಆ ಭಾರವನ್ನು ಹೊರಬೇಕಾದದ್ದು ಬೀಗ, ಮಗುವಲ್ಲ.

ಮೊದಲು ಎತ್ತರದ ವಿಷಯ. ಮಕ್ಕಳು ಕುರ್ಚಿ ಎಳೆದುಕೊಂಡು ಹೋಗುತ್ತಾರೆ, ಕಪಾಟಿನ ಖಾನೆಗಳನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಇಂದು ಕೈಗೆಟುಕದ ಜಾಗ ಮುಂದಿನ ತಿಂಗಳು ಎಟುಕುತ್ತದೆ, ಅದು ನಮಗೆ ತಿಳಿಯುವುದು ಎಟುಕಿದ ಮೇಲೆಯೇ. ಜೊತೆಗೆ ನಿಮ್ಮದು ಹಳೆಯ ಕೋವಿ. ಅಂಥ ಕೋವಿಗಳ ಒಳಭಾಗ ಸವೆದಿದ್ದರೆ ಎತ್ತರದಿಂದ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಬಂದೂಕು ರಿಪೇರಿ ಬಲ್ಲ ಅಧಿಕೃತ ಕೆಲಸಗಾರರ ಕೈಯಲ್ಲಿ ಅದನ್ನೊಮ್ಮೆ ತಪಾಸಣೆ ಮಾಡಿಸಿ.

ಬಚ್ಚಿಟ್ಟರೆ ಸಾಕು ಎಂಬ ನಂಬಿಕೆಯೂ ಅಷ್ಟೇ ದುರ್ಬಲ. ಬಂದೂಕು ಇರುವ ಮನೆಗಳ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಬಂದೂಕು ಎಲ್ಲಿದೆ ಎಂದು ತಮ್ಮ ಮಗುವಿಗೆ ಗೊತ್ತೇ ಇಲ್ಲ ಎಂದ ಪೋಷಕರಲ್ಲಿ ಶೇಕಡಾ 39ರಷ್ಟು ಮಂದಿಯ ಮಾತನ್ನು ಅವರ ಮಕ್ಕಳ ಉತ್ತರವೇ ಸುಳ್ಳಾಗಿಸಿತು. ಮಗು ಅದನ್ನು ಎಂದೂ ಕೈಯಲ್ಲಿ ಹಿಡಿದಿಲ್ಲ ಎಂದವರಲ್ಲಿ ಶೇಕಡಾ 22ರಷ್ಟು ಮಂದಿಯ ಮಕ್ಕಳು, ಹಿಡಿದಿದ್ದೇವೆ ಎಂದರು. ಇವರು ಹೊಣೆಗೇಡಿ ತಂದೆತಾಯಿಯರಲ್ಲ. ತಮ್ಮ ಮಕ್ಕಳನ್ನು ಚೆನ್ನಾಗಿ ಬಲ್ಲೆವು ಎಂದು ನಂಬಿದ್ದವರು, ನಿಮ್ಮಂತೆ, ನನ್ನಂತೆ.

ಅಷ್ಟು ಪುಟ್ಟ ಬೆರಳಿಗೆ ಟ್ರಿಗರ್ ಎಳೆಯುವ ಶಕ್ತಿ ಎಲ್ಲಿಂದ ಬರಬೇಕು ಎಂದು ಅನೇಕರು ಕೇಳುತ್ತಾರೆ. ಅದನ್ನೂ ಅಳೆದು ನೋಡಿದ್ದಾರೆ. 1995ರ ಒಂದು ಅಧ್ಯಯನದ ಪ್ರಕಾರ ಎರಡು ತೋರುಬೆರಳುಗಳನ್ನು ಒಟ್ಟಿಗೆ ಬಳಸಿದರೆ ಮಾರುಕಟ್ಟೆಯಲ್ಲಿರುವ ಬಹುಪಾಲು ಕೈಬಂದೂಕುಗಳನ್ನು ಹಾರಿಸುವಷ್ಟು ಬಲ ಮೂರು–ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡಾ 25ರಷ್ಟು, ಐದು–ಆರು ವರ್ಷದವರಲ್ಲಿ ಶೇಕಡಾ 70ರಷ್ಟು, ಏಳು–ಎಂಟು ವರ್ಷದವರಲ್ಲಿ ಶೇಕಡಾ 90ರಷ್ಟು ಮಂದಿಗೆ ಇತ್ತು. ಮಗು ಪಿಸ್ತೂಲನ್ನು ನಮ್ಮಂತೆ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಹಿಡಿ ದೊಡ್ಡದು, ತೂಕ ಹೆಚ್ಚು. ಹಾಗಾಗಿ ಅದನ್ನು ತನ್ನ ಕಡೆಗೇ ತಿರುಗಿಸಿಕೊಂಡು ಎರಡೂ ಹೆಬ್ಬೆರಳುಗಳಿಂದ ಟ್ರಿಗರನ್ನು ಒತ್ತುವುದು ಅದಕ್ಕೆ ಸುಲಭ. ಆಗ ನಳಿಗೆಯ ಬಾಯಿ ಯಾವ ಕಡೆ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಕಲಿಸಿದ್ದೇವಲ್ಲ ಎನ್ನುವಿರಿ. 2001ರಲ್ಲಿ ಅಮೆರಿಕದ ಸಂಶೋಧಕರು ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಇಬ್ಬರು ಮೂವರ ಗುಂಪುಗಳಾಗಿ ಒಂದು ಕೋಣೆಯಲ್ಲಿ ಬಿಟ್ಟರು. ಅಲ್ಲಿನ ಡ್ರಾಯರ್‌ನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲಿತ್ತು. 29 ಗುಂಪುಗಳಲ್ಲಿ 21 ಗುಂಪುಗಳಿಗೆ ಅದು ಸಿಕ್ಕಿತು, 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಯಾರಾದರೊಬ್ಬರು ಟ್ರಿಗರ್ ಎಳೆದರು. ಹಾಗೆ ಮುಟ್ಟಿದ ಅಥವಾ ಟ್ರಿಗರ್ ಎಳೆದ ಹುಡುಗರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಗೆ ಬಂದೂಕಿನ ಸುರಕ್ಷತೆಯ ಪಾಠ ಮೊದಲೇ ಆಗಿತ್ತು. ಪಿಸ್ತೂಲು ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದು ಆಟಿಕೆ ಎಂದುಕೊಂಡಿದ್ದರು ಅಥವಾ ಅಸಲಿಯೋ ಆಟಿಕೆಯೋ ಎಂದು ತಿಳಿಯದೆ ಇದ್ದರು. ನಿಮ್ಮ ಮಗಳ ಎರಡರಷ್ಟು, ಮೂರರಷ್ಟು ವಯಸ್ಸಿನ ಮಕ್ಕಳು ಇವರು.

ಹಾಗೆಂದು ಕಲಿಸುವುದನ್ನು ಬಿಡಬೇಡಿ. ಕಂಡರೆ ಅಲ್ಲೇ ನಿಲ್ಲು, ಮುಟ್ಟಬೇಡ, ಆ ಜಾಗ ಬಿಟ್ಟು ಬಾ, ದೊಡ್ಡವರಿಗೆ ಹೇಳು. ಈ ವಯಸ್ಸಿಗೆ ಇಷ್ಟು ಸಾಕು. ಮಗಳು ಎಂದಾದರೂ ಬಂದು ಹೇಳಿದರೆ ಅವಳನ್ನು ಗದರಬೇಡಿ, ನೀನಲ್ಲಿಗೆ ಏಕೆ ಹೋದೆ ಎಂದು ವಿಚಾರಣೆ ಮಾಡಬೇಡಿ. ಒಮ್ಮೆ ಬೈಸಿಕೊಂಡ ಮಗು ಎರಡನೆಯ ಸಲ ಬಂದು ಹೇಳುವುದಿಲ್ಲ. ಆದರೆ ಈ ಪಾಠ ಬೀಗದ ಜೊತೆಗೆ ಇರಬೇಕಾದದ್ದು, ಬೀಗದ ಬದಲಿಗೆ ಅಲ್ಲ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಮೊದಲ ಕೆಲಸ ಎರಡನ್ನೂ ಖಾಲಿ ಮಾಡುವುದು. ತರಬೇತಿಯಲ್ಲಿ ಹೊಸಬರು ಎಡವುವುದು ಬಹುತೇಕ ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಕ್ಕಳು ಬೇರೆಯವರ ಜೊತೆ ಮನೆಯ ಹೊರಗಿರುವಾಗ ಮಾಡಿ. ನಳಿಗೆಯ ಬಾಯಿ ಗುಂಡನ್ನು ತಡೆಯಬಲ್ಲ, ಆಚೆ ಯಾರೂ ಇರದ ದಿಕ್ಕಿಗೇ ಇರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಪಿಸ್ತೂಲಿನ ಮ್ಯಾಗಜಿನ್, ಅಂದರೆ ಗುಂಡುಗಳನ್ನು ತುಂಬಿಡುವ ಡಬ್ಬಿಯನ್ನು, ಮೊದಲು ಹೊರತೆಗೆಯಿರಿ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ನಳಿಗೆಯ ಹಿಂತುದಿಯಲ್ಲಿ ಹಾರಲು ಸಿದ್ಧವಾದ ಗುಂಡು ಕೂರುವ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು, ಅದೊಂದೇ ಸಾಕು. ಆಮೇಲೆ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆದು ಅಲ್ಲೇ ನಿಲ್ಲಿಸಿ. ಬೆಳಕಿಗೆ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳ ತುದಿಯನ್ನು ಒಳಗಿಟ್ಟು ಮುಟ್ಟಿಯೂ ನೋಡಿ. ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದುಬಿಟ್ಟರೆ ಮೊದಲ ಗುಂಡು ಹೊರಬೀಳುತ್ತದೆ, ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್‌ನ ಇನ್ನೊಂದು ಗುಂಡನ್ನು ಚೇಂಬರಿಗೆ ತುಂಬುತ್ತದೆ. ನಂತರ ಮ್ಯಾಗಜಿನ್ ತೆಗೆದವರು ಖಾಲಿ ಎಂದುಕೊಂಡು ತುಂಬಿದ ಪಿಸ್ತೂಲನ್ನು ಕೆಳಗಿಡುತ್ತಾರೆ. ಜೋಡುನಳಿಗೆಯಲ್ಲಿ ಇಷ್ಟು ಗೊಂದಲವಿಲ್ಲ, ಸನ್ನೆ ತಿರುಗಿಸಿ ನಳಿಗೆಯನ್ನು ಮಡಚಿದರೆ ಎರಡು ತೂತುಗಳೂ ಕಾಣುತ್ತವೆ. ಎರಡನ್ನೂ ನೋಡಬೇಕು ಅಷ್ಟೇ. ಇದರಲ್ಲಿ ಯಾವ ಹಂತದಲ್ಲಾದರೂ ಕೈ ಅಳುಕಿದರೆ ಬಲ್ಲವರ ಎದುರು ಮಾಡಿ, ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಖಾಲಿಯಾದ ಮೇಲೆ ಬೀಗ. ಒಳಗಿನಿಂದಲೇ ಬೋಲ್ಟ್ ಹಾಕಿ ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಕಪಾಟು ಎಲ್ಲಕ್ಕಿಂತ ಒಳ್ಳೆಯದು. ಬಿಗಿಯದ ಪುಟ್ಟ ಪೆಟ್ಟಿಗೆಯನ್ನು ಕಳ್ಳ ಹಾಗೆಯೇ ಹೊತ್ತೊಯ್ಯಬಹುದು, ಕಳಪೆ ಪೆಟ್ಟಿಗೆಗಳಲ್ಲಿ ಕೆಲವು ನೆಲಕ್ಕೆ ಕುಕ್ಕಿದರೆ ತೆರೆದುಕೊಳ್ಳುತ್ತವೆ. ಗಾಜಿನ ಬಾಗಿಲಿನ ಪ್ರದರ್ಶನದ ಕಪಾಟು ಬೇಡವೇ ಬೇಡ. ಕಪಾಟು ಬರುವವರೆಗೆ ಕೇಬಲ್ ಲಾಕ್, ಅಂದರೆ ಉಕ್ಕಿನ ತಂತಿಯ ಬೀಗ, ಬಳಸಿ. ಪಿಸ್ತೂಲಿನಲ್ಲಿ ಅದನ್ನು ಚೇಂಬರಿನ ಮೂಲಕ ಹಾಯಿಸಿದರೆ ಸ್ಲೈಡ್ ಮುಚ್ಚಿಕೊಳ್ಳುವುದಿಲ್ಲ, ಕೋವಿಯಲ್ಲಿ ತೆರೆದ ನಳಿಗೆಯ ಮೂಲಕ ಹಾಯಿಸಿದರೆ ಅದನ್ನು ಮತ್ತೆ ಮುಚ್ಚಲಾಗುವುದಿಲ್ಲ. ಟ್ರಿಗರನ್ನು ಮುಚ್ಚಿ ಕೂರುವ ಟ್ರಿಗರ್ ಲಾಕ್ ಇದ್ದರೆ ಅದನ್ನು ಖಾಲಿ ಬಂದೂಕಿಗೆ ಮಾತ್ರ ಹಾಕಿ. ಗುಂಡು ತುಂಬಿದ ಬಂದೂಕಿಗೆ ಹಾಕುವಾಗಲೂ ತೆಗೆಯುವಾಗಲೂ ಆ ಲಾಕೇ ಟ್ರಿಗರನ್ನು ಒತ್ತಬಹುದು.

ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರಲಿ. ಇದು ಅತಿಯಾಯಿತು ಎಂದು ನಿಮಗನ್ನಿಸಬಹುದು. 2005ರ ಒಂದು ದೊಡ್ಡ ಅಧ್ಯಯನ ನಾಲ್ಕು ಅಭ್ಯಾಸಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿತು: ಬಂದೂಕಿಗೆ ಬೀಗ, ಗುಂಡು ತೆಗೆದಿಡುವುದು, ಗುಂಡುಗಳನ್ನು ಬೇರೆ ಕಡೆ ಇಡುವುದು, ಗುಂಡುಗಳಿಗೂ ಬೀಗ. ಮಕ್ಕಳು ಮತ್ತು ಹದಿಹರೆಯದವರು ಬಂದೂಕಿನಿಂದ ಆಕಸ್ಮಿಕವಾಗಿ ಗಾಯಗೊಳ್ಳುವ ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸಂಭವ ಕಡಿಮೆ ಇರುವುದರೊಂದಿಗೆ ನಾಲ್ಕರಲ್ಲಿ ಪ್ರತಿಯೊಂದಕ್ಕೂ ನಂಟು ಕಂಡುಬಂತು. ಒಂದು ಅಭ್ಯಾಸ ಎಂದೋ ಕೈಕೊಟ್ಟರೂ ಇನ್ನೊಂದು ಕಾಯುತ್ತದೆ. ಶೂಟಿಂಗ್ ಮುಗಿಸಿ ಬಂದ ದಿನ ಜೇಬು, ಚೀಲ, ಕಾರಿನ ಖಾನೆ ಎಲ್ಲವನ್ನೂ ಒಮ್ಮೆ ತಡಕಿ ನೋಡಿ. ಅಂಬೆಗಾಲಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಗುಂಡಿನಲ್ಲಿ ಇರುವುದು ಸೀಸ. ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಸೋಪು ಹಚ್ಚಿ ಕೈ ತೊಳೆದು ಬಟ್ಟೆ ಬದಲಾಯಿಸಿ.

ಬಹಳ ಮನೆಗಳಲ್ಲಿ ಎಲ್ಲವೂ ಹಾಳಾಗುವುದು ಕೀಲಿಕೈಯಿಂದ. ಉಕ್ಕಿನ ಕಪಾಟು ಇರುತ್ತದೆ, ಅದರ ಕೀಲಿಕೈ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಕೀಲಿಕೈ ನಿಮ್ಮ ಮೈಮೇಲಿರಬೇಕು, ಇಲ್ಲವೇ ಸಂಖ್ಯೆಯ ಬೀಗವಿರಬೇಕು. ಆ ಸಂಖ್ಯೆ ಯಾರದೇ ಹುಟ್ಟಿದ ದಿನವಾಗಬಾರದು, ಮಕ್ಕಳ ಎದುರು ಒತ್ತಬಾರದು. ಬೆರಳಚ್ಚಿನ ಬೀಗ ಕೊಳ್ಳುವುದಾದರೆ ನಿಮ್ಮದಲ್ಲದ ಬೆರಳುಗಳನ್ನೂ ಇಟ್ಟು ಪರೀಕ್ಷಿಸಿ. ಮಲಗಿದ ಅಪ್ಪನ ಬೆರಳು ಮಗುವಿನ ಕೈಗೆ ಸಿಗುತ್ತದೆ ಎಂಬುದೂ ತಲೆಯಲ್ಲಿರಲಿ.

ರಾತ್ರಿ ಯಾರಾದರೂ ನುಗ್ಗಿದರೆ ಇಷ್ಟೆಲ್ಲ ಬೀಗ ತೆಗೆಯುತ್ತ ಕೂರಲೇ ಎಂದೂ ಕೇಳಿದ್ದೀರಿ. ಭಯ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನುಗ್ಗುವವನು ಬಂದರೂ ಬರಬಹುದು, ಬಾರದೆಯೂ ಇರಬಹುದು. ಮಕ್ಕಳು ಪ್ರತಿದಿನವೂ ಪ್ರತಿ ಗಂಟೆಯೂ ಆ ಮನೆಯಲ್ಲಿರುತ್ತಾರೆ. ಹತ್ತಿರ ಇರಲೇಬೇಕು ಎಂದಾದರೆ ಮಂಚದ ಬಳಿ ಬಿಗಿದು ಕೂರಿಸಿದ, ಗುಂಡಿ ಒತ್ತಿ ಕ್ಷಣದಲ್ಲಿ ತೆರೆಯುವ ಗಟ್ಟಿ ಪೆಟ್ಟಿಗೆಗಳು ಸಿಗುತ್ತವೆ. ದಿಂಬಿನ ಅಡಿ, ಡ್ರಾಯರ್, ಕಾರಿನ ಸೀಟಿನ ಕೆಳಗೆ ಇವಾವುವೂ ಬಂದೂಕು ಇಡುವ ಜಾಗಗಳಲ್ಲ. ಅದು ನಿಮ್ಮ ಕೈಯಲ್ಲಿರಬೇಕು, ಇಲ್ಲವೇ ಬೀಗದೊಳಗಿರಬೇಕು. ನನ್ನ ಮನೆಯಲ್ಲಿ ಗುಂಡು ತುಂಬಿದ ಬಂದೂಕು ಇಲ್ಲ, ಮಕ್ಕಳು ದೊಡ್ಡವರಾಗುವವರೆಗೂ ಇರುವುದಿಲ್ಲ.

ಮಕ್ಕಳು ದೊಡ್ಡವರಾದ ಮೇಲೂ ಬೀಗ ಸಡಿಲಿಸಬೇಡಿ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅಪಾಯದ ಬಗೆಯೇ ಬದಲಾಗುತ್ತದೆ. ಆ ವಯಸ್ಸಿನ ಮನಸ್ಸು ಒಂದು ಸಂಜೆಯ ಅವಮಾನಕ್ಕೆ, ಒಂದು ಪರೀಕ್ಷೆಯ ಫಲಿತಾಂಶಕ್ಕೆ ಕುಸಿದುಬಿಡಬಹುದು. ಆ ಹೊತ್ತು ದಾಟಿದರೆ ಮನಸ್ಸು ಮತ್ತೆ ಚೇತರಿಸಿಕೊಳ್ಳುತ್ತದೆ, ಹೊತ್ತು ದಾಟಲು ಆ ಬೀಗ ಸಮಯ ಕೊಡುತ್ತದೆ. ಮನೆಯಲ್ಲಿ ಯಾರೇ ಆಗಲಿ, ನೀವೇ ಆಗಿರಲಿ, ತೀರಾ ಕುಗ್ಗಿರುವಂತೆ ಕಂಡರೆ ಬೀಗವನ್ನೂ ನೆಚ್ಚಬೇಡಿ. ಕಾನೂನು ಒಪ್ಪುವ ರೀತಿಯಲ್ಲಿ ಬಂದೂಕನ್ನು ಮನೆಯಿಂದ ಹೊರಗಿಡಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.

ಮಗಳು ಆಟಕ್ಕೆ ಹೋಗುವ ಮನೆಗಳಲ್ಲೂ ಕೇಳಿ: ನಿಮ್ಮಲ್ಲಿ ಬಂದೂಕು ಇದೆಯೇ, ಬೀಗದೊಳಗಿದೆಯೇ? ನಾಯಿ ಕಚ್ಚುತ್ತದೆಯೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಬೇಸರಿಸಿಕೊಂಡರೆ ಮಕ್ಕಳು ನಿಮ್ಮ ಮನೆಯಲ್ಲೇ ಆಡಲಿ.

ಕೊನೆಯದಾಗಿ ತಂದೆಯವರ ಕೋವಿ. ಅದನ್ನು ನೀವು ಬಳಸುವುದೇ ಇಲ್ಲ, ನೆನಪಿಗೆಂದು ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದೀರಿ. ಹಾಗಿದ್ದರೆ ಮಕ್ಕಳು ಬೆಳೆಯುವವರೆಗೆ ಅದನ್ನು ಪರವಾನಗಿ ಪಡೆದ ಮಾರಾಟಗಾರರಲ್ಲಿ ಠೇವಣಿ ಇಡಲು ಸಾಧ್ಯವೇ ಎಂದು ನಿಮಗೆ ಪರವಾನಗಿ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ. ಈ ಮಾತನ್ನು ನಿಮ್ಮ ಹೆಂಡತಿಯ ಜೊತೆ ಕುಳಿತು ತೀರ್ಮಾನಿಸಿ. ಆ ಮನೆಯಲ್ಲಿ ಬಂದೂಕು ಇರಬೇಕೋ ಬೇಡವೋ ಎಂದು ಹೇಳುವ ಹಕ್ಕು ನಿಮ್ಮಷ್ಟೇ ಅವರಿಗೂ ಇದೆ.